ಅಕ್ಕಿ ಡಬ್ಬದಲ್ಲಿ ಮೆಷಿನ್ ಬೆಲ್ಟು

(ನಾನು ಆಪ್ತಸಲಹೆ ಕೊಡೋಳು, ಇದು ನನ್ನ ಹತ್ರ ಬಂದ ಒಬ್ಬರ ಕಥೆ. ಬರೀಲಿಕ್ಕೆ ಅವರ ಒಪ್ಪಿಗೆ ಇದೆ. ಹೆಸರು, ಏರಿಯಾ, ಮನೆಯವರ ವಿವರ ಎಲ್ಲ ಬದಲಾಯಿಸಿದೀನಿ.)

ಮಗ ಫೋನ್ ಮಾಡಿದಾಗ್ಲೇ ಗಾಬರಿಯಲ್ಲಿದ್ರು. "ಮೇಡಂ, ಅಮ್ಮಂಗೆ ಮರೆವಿನ ಕಾಯಿಲೆ ಶುರುವಾಗಿದೆ ಅನ್ಸತ್ತೆ, ಹೊಲಿಗೆ ಮೆಷಿನ್ ಬೆಲ್ಟ್ ಕಳ್ದೋಯ್ತು ಅಂತ ಮೂರು ವಾರದಿಂದ ಹೇಳ್ತಿದ್ರು, ಮೊನ್ನೆ ನನ್ ಹೆಂಡ್ತಿ ಅಕ್ಕಿ ಅಳೆಯೋಕೆ ಹೋದ್ರೆ ಅಕ್ಕಿ ಡಬ್ಬದೊಳಗೆ ಇದೆ." ಅದರ ಜೊತೆಗೆ ಇನ್ನೊಂದು ಮಾತು ಸೇರಿಸಿದ್ರು, ಬೆಲ್ಟ್ ಹೋದ್ರೆ ಹೋಗ್ಲಿ ಹೊಸ ಮೆಷಿನ್ನೇ ತಂದ್ಕೊಡ್ತೀನಿ ಅಂದಿದ್ದಕ್ಕೆ ಅಮ್ಮ ಅತ್ತುಬಿಟ್ರಂತೆ. ಮೆಷಿನ್ ಕೊಡಿಸ್ತೀನಿ ಅಂದ್ರೆ ಅಳೋದಾ? ಅವರಿಗೆ ಅರ್ಥ ಆಗಿಲ್ಲ, ಆಗ ನನಗೂ ಆಗ್ಲಿಲ್ಲ.

ಇಂದಿರಮ್ಮ ಅಂತ ಕರಿಯೋಣ ಅವರನ್ನ. 64 ವರ್ಷ, ವಿಜಯನಗರದ ಕಡೆ ಮನೆ, ಯಜಮಾನ್ರು ರಿಟೈರ್ಡು, ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗ್ತಾರೆ, ಒಬ್ಬಳು ಮೊಮ್ಮಗಳು. ಹತ್ತಿ ಸೀರೆ ನೀಟಾಗಿ ಪಿನ್ ಮಾಡ್ಕೊಂಡು, ಕೈಯಲ್ಲಿ ಬಟ್ಟೆ ಬ್ಯಾಗ್ ಹಿಡ್ಕೊಂಡು ಬಂದ್ರು. ಬ್ಯಾಗ್ ನೋಡಿ ಚೆನ್ನಾಗಿದೆ ಅಂದೆ. "ನಾನೇ ಹೊಲ್ದಿದ್ದು" ಅಂದವರು ತಕ್ಷಣ ಅದನ್ನ ಕುರ್ಚಿ ಹಿಂದೆ ಸರಿಸಿಬಿಟ್ರು. ಅದನ್ನ ಅವತ್ತೇ ಗಮನಿಸಬೇಕಿತ್ತು ನಾನು.

ಗಮನಿಸ್ಲಿಲ್ಲ, ಮಗ ಹೇಳಿದ ದಾರೀಲೇ ಹೋದೆ. ಮೂರು ಪದ ಹೇಳಿ ಆಮೇಲೆ ಕೇಳ್ತೀನಿ ನೆನಪಿಟ್ಕೊಳ್ಳಿ ಅಂದೆ, ಗಡಿಯಾರ ಬರ್ದು 11 ಗಂಟೆ 10 ನಿಮಿಷ ತೋರಿಸಿ ಅಂದೆ. ಎಲ್ಲ ಸರಿಯಾಗೇ ಮಾಡಿದ್ರು, ಗಡಿಯಾರ ಅಂತೂ ಕೈವಾರ ಇಟ್ಟು ಎಳೆದ ಹಾಗಿತ್ತು, ಚಾಕ್‌ಪೀಸಲ್ಲಿ ಕುತ್ತಿಗೆ ಶೇಪ್ ಎಳ್ದು ರೂಢಿ ಇರೋ ಕೈ ಅದು. ಆಮೇಲೆ ವಯಸ್ಸಾದವರಿಗೆ ಕೇಳೋ 15 ಪ್ರಶ್ನೆಗಳ ಪಟ್ಟಿ ತೆಗೆದೆ, ಹೌದು ಇಲ್ಲ ಅಂದ್ರೆ ಸಾಕು, ಖಿನ್ನತೆ ಇದ್ಯಾ ಅಂತ ಒಂದು ಅಂದಾಜು ಸಿಗತ್ತೆ. ಅದ್ರಲ್ಲಿ ಎರಡನೇ ಪ್ರಶ್ನೇನೇ, ನಿಮ್ಮ ಹವ್ಯಾಸ ಆಸಕ್ತಿಗಳನ್ನ ತುಂಬಾ ಬಿಟ್ಟುಬಿಟ್ಟಿದೀರಾ ಅಂತ. ಇಂದಿರಮ್ಮ ಬಾಗಿಲ ಕಡೆ ಒಂದ್ಸಲ ನೋಡಿದ್ರು, ಮಗ ಹೊರಗಡೆ ಫೋನಲ್ಲಿದ್ರು. "ಬಿಟ್ಟಿಲ್ಲ ಮೇಡಂ. ಬಚ್ಚಿಟ್ಟಿದೀನಿ."

ಪೆನ್ನು ಕೆಳಗಿಟ್ಟೆ. ಎಲ್ಲಿ ಅಂದೆ. "ಸೋನಾ ಮಸೂರಿ ಡಬ್ಬದಲ್ಲಿ, ತಳದಲ್ಲಿ, ಹಾಲಿನ ಕವರ್ ತೊಳ್ದು ಒಣಗಿಸಿ ಅದ್ರೊಳಗೆ ಸುತ್ತಿ. ಎಣ್ಣೆ ವಾಸನೆ ಅಕ್ಕೀಗೆ ಬರಬಾರದು ನೋಡಿ." ಮರೆವಿನ ಕೇಸ್ ಅಲ್ಲಿಗೆ ಮುಗೀತು. (ಆದ್ರೂ ಬಿ12 ಥೈರಾಯ್ಡ್ ಎರಡೂ ಚೆಕ್ ಮಾಡ್ಸಿ ಅಂತ ಡಾಕ್ಟರ್ ಹತ್ರ ಕಳಿಸಿದೆ, ಇವು ಕಮ್ಮಿ ಜಾಸ್ತಿ ಆದ್ರೂ ಮಂಕು ಕವಿಯತ್ತೆ. ಬಿ12 ಸ್ವಲ್ಪ ಕಮ್ಮಿ ಇತ್ತು, ಮಾತ್ರೆ ಕೊಟ್ರು.)

ಆಮೇಲೆ ಕಥೆ ಬಂತು, ಮುಕ್ಕಾಲು ಗಂಟೆ ನಾನು ಬಾಯೇ ಬಿಡ್ಲಿಲ್ಲ.

1986ರಿಂದ 2004ರ ತನಕ ಇವರು ಮನೇಲಿ ಬ್ಲೌಸ್ ಹೊಲ್ದಿದಾರೆ, ಯಜಮಾನ್ರ ಸಂಬಳ ಬಾಡಿಗೆಗೆ ರೇಷನ್ನಿಗೆ ಸರಿ ಹೋಗ್ತಿತ್ತು, ಮಕ್ಕಳ ಫೀಸು ಪೂರಾ ಕಾಲಲ್ಲಿ ತುಳಿಯೋ ಮೆಷಿನ್ನಿಂದ. ಟು ಬೈ ಟು ರೂಬಿಯಾ ಬಟ್ಟೆ, ಅಳತೆ ಬ್ಲೌಸ್ ಇಟ್ಕೊಂಡು ಗುರುತು ಹಾಕೋದು, ಕತ್ತರಿಸೋದು, ರಾತ್ರಿ ಹನ್ನೊಂದಕ್ಕೆ ಕೂತು ಕಾಜಾ ಹುಕ್ಕು. ಹಬ್ಬದ ಹಿಂದಿನ ದಿನ ಮನೇಲಿ ಕರಿಗಡುಬು ಮಾಡೋಕೂ ಪುರುಸೊತ್ತಿಲ್ಲ, ಬೇರೆಯವರ ಹಬ್ಬದ ಬ್ಲೌಸೇ ಆಗೋದು. ಮಗಂಗೆ ಕೆಲಸ ಸಿಕ್ಕಿದ ತಿಂಗಳೇ ಮೆಷಿನ್ ಮೇಲೆ ಬೆಡ್‌ಶೀಟ್ ಹೊದಿಸಿ ಅದರ ಮೇಲೆ ಟೇಪ್‌ರೆಕಾರ್ಡರ್ ಇಟ್ಟುಬಿಟ್ರಂತೆ.

ಮೊಮ್ಮಗಳು ಸ್ಕೂಲಿಗೆ ಹೋಗೋಕೆ ಶುರು ಮಾಡಿದ ಮೇಲೆ ಮಧ್ಯಾಹ್ನ ಖಾಲಿ. ಎರಡು ರಸ್ತೆ ಆಚೆ ಒಬ್ಬರ ಮನೆ ಗ್ಯಾರೇಜಲ್ಲಿ ಹೊಲಿಗೆ ಕ್ಲಾಸು, ವಾರಕ್ಕೆ ಮೂರು ದಿನ ಎರಡರಿಂದ ನಾಲ್ಕು. ಹೋಗಿ ಸೇರ್ಕೊಂಡ್ರು. ಮನೇಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು, ಹದಿನೆಂಟು ವರ್ಷ ಹೊಲ್ದೋರಿಗೆ ಕ್ಲಾಸ್ ಯಾಕೆ ಅಂತ. ಟೀಚರ್‌ಗೆ 34 ವರ್ಷ, ಜೊತೆಗಿರೋ ಹುಡುಗೀರಲ್ಲಿ ಒಬ್ಬಳಿಗೆ 22. ಅಲ್ಲಿ ಮೊದಲನೇ ಸಲ ಬ್ರೌನ್ ಪೇಪರ್ ಮೇಲೆ ಡ್ರಾಫ್ಟಿಂಗ್ ಕಲಿತ್ರು, ಎದೆ ಸುತ್ತಳತೇನ ನಾಲ್ಕರಿಂದ ಭಾಗಿಸಿ ಲೂಸ್ ಎಷ್ಟು ಮಾರ್ಜಿನ್ ಎಷ್ಟು ಅಂತ ಸೇರಿಸೋದು, ಹಿಂದಿನ ಭಾಗಕ್ಕಿಂತ ಮುಂದಿನ ಭಾಗದ ಆರ್ಮ್ ಹೋಲ್ ಯಾಕೆ ಜಾಸ್ತಿ ಒಳಗೆ ಕೊರೀಬೇಕು ಅನ್ನೋದು. "ಕಂಕುಳಲ್ಲಿ ಎಳಿಯತ್ತೆ ಎಳಿಯತ್ತೆ ಅಂತ ಜನ ಬೈಯೋರಲ್ಲ ಮೇಡಂ, ಯಾಕೆ ಎಳೀತಿತ್ತು ಅಂತ ನಂಗೆ ಈಗ ಗೊತ್ತಾಯ್ತು!" ಅಂದಾಗ ಅವರ ಮುಖ ನೋಡ್ಬೇಕಿತ್ತು ನೀವು.

ಶಕ್ತಿ ಯೋಜನೆ ಬಂದ ಮೇಲೆ ಬಸ್ಸೂ ಫ್ರೀ, ಆಧಾರ್ ಕಾರ್ಡ್ ತೋರಿಸಿ ಕ್ಲಾಸಿನ ನಾಲ್ಕು ಜನ ಸೇರ್ಕೊಂಡು ಚಿಕ್ಕಪೇಟೆಗೆ ಹೋಗೋರು, ಕಟ್‌ಪೀಸ್, ಲೇಸು, ಬಟನ್ನು, ಬರ್ತಾ ದಾರೀಲಿ ಎಲ್ಲಾದ್ರೂ ಒಂದು ಮಸಾಲೆದೋಸೆ. ತಮಗೋಸ್ಕರ ಒಂದು ನೈಟಿ ಹೊಲ್ಕೊಂಡು ಎರಡೂ ಕಡೆ ಜೇಬು ಇಟ್ರು. ಬಲಗಡೆ ಜೇಬಲ್ಲಿ ಫೋನು, ಎಡಗಡೆ ಅಡಿಕೆ. ಜೀವನದಲ್ಲಿ ಸಾವಿರಾರು ಬಟ್ಟೆ ಹೊಲ್ದಿದಾರೆ, ಜೇಬು ಅಂತ ತಮಗೆ ಇಟ್ಕೊಂಡಿದ್ದು ಅದೇ ಮೊದಲು.

ಎಡವಟ್ಟಾಗಿದ್ದು ಫೋಟೋದಿಂದ. ಚೂರುಪಾರು ಬಟ್ಟೆ ಜೋಡಿಸಿ ಮಾಡಿದ ಒಂದು ಟೇಬಲ್ ಕ್ಲಾತ್ ಫೋಟೋನ ಸೊಸೆ ಹೆಮ್ಮೆಯಿಂದ ಫ್ಯಾಮಿಲಿ ಗ್ರೂಪಿಗೆ ಹಾಕಿದ್ಲು. ಅವತ್ತು ಸಾಯಂಕಾಲವೇ ನಾದಿನಿ ಫೋನು, "ಅತ್ತಿಗೆ, ಮತ್ತೆ ಶುರು ಮಾಡಿದೀರಂತೆ, ಎರಡು ಸೀರೆಗೆ ಫಾಲ್ಸ್ ಹಾಕ್ಕೊಡ್ತೀರಾ, ಹೇಗೂ ಮೆಷಿನ್ ಇದ್ಯಲ್ಲ." ಹೇಗೂ ಇದ್ಯಲ್ಲ ಅನ್ನೋ ಈ ಒಂದು ಮಾತನ್ನ ನಾನು ನೂರಾರು ಹೆಂಗಸರ ಬಾಯಲ್ಲಿ ಕೇಳಿದೀನಿ, ಅಡುಗೆ ಚೆನ್ನಾಗಿ ಮಾಡೋರಿಗೆ, ರಂಗೋಲಿ ಬರೋರಿಗೆ, ಕಾರು ಓಡ್ಸೋಕೆ ಬರೋರಿಗೆ, ಎಲ್ಲರಿಗೂ ಇದೇ ಕಾಟ. ನಾದಿನಿ ಆದ್ಮೇಲೆ ಪಕ್ಕದ ಮನೆಯವರು, ಯಜಮಾನ್ರ ವಾಕಿಂಗ್ ಫ್ರೆಂಡಿನ ಹೆಂಡ್ತಿ, ಸೊಸೆಯ ಅಮ್ಮ. ಒಬ್ಬರು ದುಡ್ಡು ಕೊಟ್ರು, ಒಬ್ಬರು ಒಂದು ಕೆಜಿ ಸೀಬೆಹಣ್ಣು, ಉಳಿದವರು ಥ್ಯಾಂಕ್ಸು. ಮದುವೆ ಸೀಸನ್ನಿಗೆ ಬೀರು ಮೇಲೆ 11 ಸೀರೆ ಕಾಯ್ತಾ ಇತ್ತು. ಒಂದು ಫಾಲ್ಸ್ ಅಂದ್ರೆ ಸುಮ್ನೆ ಅಲ್ಲ ಕಣ್ರೀ, ಕಾಟನ್ ಫಾಲ್ಸ್ ಆದ್ರೆ ಮೊದಲು ನೀರಲ್ಲಿ ನೆನಸಿ ಒಣಗಿಸಿ ಇಸ್ತ್ರಿ ಮಾಡ್ಬೇಕು, ಇಲ್ಲಾಂದ್ರೆ ಒಗೆದ ಮೇಲೆ ಸೀರೆ ಅಂಚು ಸುಕ್ಕಾಗತ್ತೆ, ಆಮೇಲೆ ಹತ್ತಿರತ್ತಿರ ಮೂರು ಮೀಟರ್ ಉದ್ದ ಮೇಲೊಂದು ಕೆಳಗೊಂದು ಸಾಲು ಕೈಹೊಲಿಗೆ, ಆಚೆ ಕಡೆ ದಾರ ಕಾಣಬಾರದು.

ಕ್ಲಾಸಿಗೆ ಚಕ್ಕರ್ ಹಾಕೋಕೆ ಶುರುವಾಯ್ತು. ಮಗ ಪಾಪ ಒಳ್ಳೇ ಮನಸ್ಸಿಂದಲೇ, "ಅಮ್ಮ, ಇಷ್ಟು ಆರ್ಡರ್ ಬರ್ತಿದೆ, ಇನ್‌ಸ್ಟಾ ಪೇಜ್ ಮಾಡೋಣ, ರೇಟ್ ಕಾರ್ಡ್ ಹಾಕೋಣ" ಅಂದ. ಕೊನೆಗೆ ನಾದಿನಿ ಮಗಳ ರೇಷ್ಮೆ ಬ್ಲೌಸ್ ತೋಳು ಅರ್ಧ ಇಂಚು ಗಿಡ್ಡ ಆಯ್ತು. "ಬಿಡಿ ಅತ್ತಿಗೆ, ಕಣ್ಣು ಮಂಜಾಗಿರತ್ತೆ, ವಯಸ್ಸಾಯ್ತಲ್ಲ." ಅವತ್ತು ರಾತ್ರಿನೇ ಬೆಲ್ಟು ಬಿಚ್ಚಿದ್ದು. ಮೆಷಿನ್ ಕೆಟ್ಟಿದೆ ಅಂದ್ರೆ ಯಾರೂ ಏನೂ ಕೇಳಲ್ವಲ್ಲ.

ಹೊಸ ಮೆಷಿನ್ ಅಂದ್ರೆ ಯಾಕೆ ಅತ್ರು ಅಂತ ಈಗ ಗೊತ್ತಾಯ್ತಲ್ಲ.

15 ಪ್ರಶ್ನೆಯಲ್ಲಿ ಅವರಿಗೆ ಬಂದಿದ್ದು 4, ಸಾಮಾನ್ಯವಾಗಿ 5 ದಾಟಿದ್ರೆ ನಾವು ಹುಷಾರಾಗ್ತೀವಿ. ಊಟ ನಿದ್ದೆ ಪರವಾಗಿಲ್ಲ, ಮೊಮ್ಮಗಳ ಜೊತೆ ನಗು ಇದೆ. ಹಾಗಿಲ್ದೆ ಎರಡು ವಾರ ಮೀರಿ ಯಾವುದ್ರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನೋ ಯೋಚನೆ ಇದೆ ಅಂದ್ರೆ ಅದು ಬೇರೇನೇ, ತಡ ಮಾಡ್ದೆ ಡಾಕ್ಟರ್‌ಗೆ ತೋರಿಸ್ಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡ್ಬೇಕಾಗಿಲ್ಲ. ಇವರದ್ದು ಅದಲ್ಲ. ಇವರಿಗೆ ಹೊಲಿಗೆ ಬೇಕು, ಹಳೇ ನೌಕರಿ ಬೇಡ, ಎರಡಕ್ಕೂ ಮೆಷಿನ್ ಮಾತ್ರ ಒಂದೇ.

ಮಗನನ್ನ ಒಳಗೆ ಕರೆಯೋ ಮುಂಚೆ ಕೇಳಿದೆ, ಬೆಲ್ಟ್ ವಿಷಯ ಹೇಳ್ಲಾ ಅಂತ. ಐದು ನಿಮಿಷ ಯೋಚಿಸಿ "ನಾನೇ ಹೇಳ್ತೀನಿ" ಅಂದ್ರು. ಹೇಳಿದ್ರು. ಮಗ ಮೊದಲು ನಕ್ಕ, ಆಮೇಲೆ ಸುಮ್ನಾದ. "ಅಮ್ಮ, ಪೇಜ್ ಮಾಡಿದ್ರೆ ನಿಂಗೆ ಬೆಲೆ ಸಿಗತ್ತೆ ಅನ್ಕೊಂಡೆ, ಎಲ್ರೂ ಬಿಟ್ಟಿ ಮಾಡಿಸ್ಕೋತಿದಾರಲ್ಲ ಅಂತ." ಅವನು ಹೇಳಿದ್ದೂ ತಪ್ಪಲ್ಲ. ಅವನಿಗೆ 1973ರ ಒಂದು ಪ್ರಯೋಗದ ಬಗ್ಗೆ ಹೇಳಿದೆ. ಅಮೆರಿಕದ ಸ್ಟ್ಯಾನ್‌ಫರ್ಡಿನ ನರ್ಸರಿಯಲ್ಲಿ, ತಾವಾಗೇ ಖುಷಿಯಿಂದ ಚಿತ್ರ ಬರೀತಿದ್ದ ಮಕ್ಕಳಲ್ಲಿ ಕೆಲವರಿಗೆ ಬರೆದ್ರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿದ್ರು. ಆಮೇಲೆ ಸ್ವಲ್ಪ ದಿನ ಬಿಟ್ಟು ನೋಡಿದ್ರೆ ಆ ಮಕ್ಕಳೇ ಕಮ್ಮಿ ಬರೀತಿದ್ರು, ಏನೂ ಹೇಳದೇ ಇದ್ದ ಮಕ್ಕಳು ಮುಂಚಿನ ಹಾಗೇ ಬರೀತಿದ್ರು. ಮಕ್ಕಳ ಮೇಲೆ ಮಾಡಿದ್ದನ್ನ ಅರವತ್ತು ದಾಟಿದವರಿಗೆ ಹಾಗೇ ಅಂಟಿಸೋಕಾಗಲ್ಲ, ಹೊಲ್ದು ನಾಕು ಕಾಸು ಮಾಡಿ ಖುಷಿಯಾಗಿರೋ ಅಜ್ಜಿಯರನ್ನೂ ನೋಡಿದೀನಿ. ಆದ್ರೆ ಇವರು 18 ವರ್ಷ ದುಡ್ಡಿಗೆ ತುಳಿದು ಬಂದವರು, ರೇಟ್ ಕಾರ್ಡ್ ಅಂದ ಕೂಡ್ಲೇ ರಾತ್ರಿ ಹನ್ನೊಂದು ಗಂಟೆಯ ಕಾಜಾ ನೆನಪಾಗತ್ತೆ.

ಸಲಹೆ ಅಂತ ಕೊಟ್ಟಿದ್ದು ದೊಡ್ಡದೇನಲ್ಲ. ಮೆಷಿನ್ ಕೆಟ್ಟಿದೆ ಅನ್ನೋ ಸುಳ್ಳಲ್ಲಿ ಪಾಪ ಏನಿಲ್ಲ, ಆದ್ರೆ ಅದ್ರಿಂದ ನಷ್ಟ ನಿಮಗೇ ಅಮ್ಮ, ನಾದಿನಿ ಸೀರೆ ಜೊತೆ ನಿಮ್ಮ ಜೇಬಿನ ನೈಟೀನೂ ನಿಂತೋಯ್ತು ಅಂದೆ. ಅದರ ಬದಲು ಒಂದೇ ವಾಕ್ಯ ಅಭ್ಯಾಸ ಮಾಡೋಣ, "ನಾನೀಗ ಫಾಲ್ಸ್ ಹಾಕ್ತಿಲ್ಲ ಕಣೇ, ಕ್ಲಾಸಿಗೆ ಮಾತ್ರ ಹೊಲೀತೀನಿ." ಅಷ್ಟೆ, ಕಾರಣ ಹೇಳ್ಬಾರ್ದು. ಕಣ್ಣು ನೋವು ಅಂದ್ರೆ "ನಿಧಾನಕ್ಕೆ ಹಾಕಿ ಪರವಾಗಿಲ್ಲ" ಅಂತಾರೆ, ಟೈಮಿಲ್ಲ ಅಂದ್ರೆ "ಮುಂದಿನ ತಿಂಗಳು ಕೊಡಿ" ಅಂತಾರೆ, ಕಾರಣ ಕೊಟ್ಟಷ್ಟೂ ಅವರು ಅದಕ್ಕೊಂದು ದಾರಿ ಹುಡುಕ್ತಾರೆ. ನಾನು ನಾದಿನಿ ಆದೆ, ಅವರು ಅವರೇ ಆದ್ರು. ಮೊದಲನೇ ಸಲ "ಹಾಕ್ತಿಲ್ಲ ಕಣೇ" ಅಂತ ಶುರು ಮಾಡಿ "ಸರಿ ಒಂದು ಕಳ್ಸು" ಅಂತ ಮುಗಿಸಿದ್ರು, ಇಬ್ಬರೂ ನಕ್ವಿ. ಆರನೇ ಸಲಕ್ಕೆ ಗಟ್ಟಿಯಾಯ್ತು.

ಬೀರು ಮೇಲಿನ 11 ಸೀರೇನ ವಾಪಸ್ ಕೊಟ್ಬಿಡಿ ಅಂದೆ ನಾನು. ಅವರು ಸುತಾರಾಂ ಒಪ್ಲಿಲ್ಲ. "ಒಪ್ಕೊಂಡಿದ್ದೀನಿ ಮೇಡಂ, ಹಾಗೆ ಕೊಡೋಕಾಗಲ್ಲ." ಕೊನೆಗೆ ಅವರೇ ದಾರಿ ಕಂಡ್ಕೊಂಡ್ರು, ಮದುವೆ ಹತ್ತಿರ ಇರೋ ನಾಲ್ಕು ಸೀರೆ ಮುಗಿಸಿದ್ರು, ಉಳಿದ ಏಳಕ್ಕೆ ಫಾಲ್ಸ್ ನೆನಸಿ ಒಣಗಿಸಿ ಇಸ್ತ್ರಿ ಮಾಡಿ ಒಳಗಿಟ್ಟು, ಮಾರ್ಕೆಟ್ ಹತ್ರ ಹೊಲಿಯೋರ ಅಂಗಡಿ ಗುರುತು ಹೇಳಿ ವಾಪಸ್ ಕೊಟ್ರು. ನನ್ನ ಸಲಹೆಗಿಂತ ಇದೇ ವಾಸಿ, ಒಪ್ಕೋತೀನಿ.

ಕಣ್ಣಿನ ಮಾತು ಅವರನ್ನ ಚುಚ್ಚಿದ್ರಿಂದ ಕಣ್ಣೂ ತೋರಿಸಿ ಬನ್ನಿ ಅಂದೆ, ಹೆದರ್ಕೊಂಡು ಕೂರೋಕಿಂತ ಗೊತ್ತಾಗೋದು ಮೇಲು. ಪೊರೆ ಇನ್ನೂ ಬಲಿತಿಲ್ಲ, ಕನ್ನಡಕದ ನಂಬರ್ ಮಾತ್ರ ಬದಲಾಗಿತ್ತು. ಲೈಟು ತಲೆ ಮೇಲಿಂದ ಬೀಳ್ತಿತ್ತಂತೆ, ಅವರ ನೆರಳೇ ಸೂಜಿ ಮೇಲೆ. ಎಡಗಡೆಗೊಂದು ಟೇಬಲ್ ಲ್ಯಾಂಪು, ಮುಕ್ಕಾಲು ಗಂಟೆಗೊಂದ್ಸಲ ಎದ್ದು ಓಡಾಡೋದು, ಸೂಜಿಗೆ ದಾರ ಪೋಣಿಸೋ ಆ ಪುಟ್ಟ ತಂತಿ. ಇದೆಲ್ಲ ಆಪ್ತಸಲಹೆಯಲ್ಲಿ ಬರಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ.

ಯಜಮಾನ್ರ ಬಗ್ಗೆ ಮರೆತೆ ನೋಡಿ. ಅವರದ್ದೂ ಒಂದು ದೂರಿತ್ತಂತೆ, ಊರೋರಿಗೆಲ್ಲ ಹೊಲೀತಾಳೆ ನನ್ ಪ್ಯಾಂಟಿನ ಹುಕ್ಕು ಮೂರು ತಿಂಗಳಿಂದ ಕಿತ್ತೋಗಿದೆ ಅಂತ. ಇಂದಿರಮ್ಮ ಸೂಜಿದಾರ ಕೈಗೆ ಕೊಟ್ಟು ತೋರಿಸ್ಕೊಟ್ರಂತೆ. ಹುಕ್ಕು ಸೊಟ್ಟಗೆ ಕೂತಿದೆ, ಆದ್ರೆ ಕೂತಿದೆ.

ನಾಲ್ಕನೇ ಸಲ ಬಂದಾಗ ನಾದಿನಿ ಫೋನ್ ಮಾಡಿದ್ದು ಹೇಳಿದ್ರು. "ಅತ್ತಿಗೆ, ಮೆಷಿನ್ ರಿಪೇರಿ ಆಯ್ತಾ?" "ಮೆಷಿನ್ ಚೆನ್ನಾಗೇ ಇದೆ ಕಣೇ, ನಾನೇ ಫಾಲ್ಸ್ ಹಾಕ್ತಿಲ್ಲ." ಆ ಕಡೆಯಿಂದ ಮಾತೇ ಇಲ್ಲ, ಆಮೇಲೆ "ಸರಿ ಬಿಡಿ" ಅಂತ ಕಟ್ ಮಾಡಿದ್ರಂತೆ. ಅವತ್ತು ರಾತ್ರಿ ಇವರಿಗೆ ನಿದ್ದೆ ಬರ್ಲಿಲ್ಲ, ತಪ್ಪು ಮಾಡಿದ್ನಾ ಅಂತ ನನ್ನನ್ನೇ ಕೇಳಿದ್ರು. ನಾದಿನಿ ಇನ್ನೂ ಮುಖ ಊದಿಸ್ಕೊಂಡಿದಾರೆ, ಗೌರಿ ಹಬ್ಬಕ್ಕೆ ಬಂದ್ರೆ ನೋಡ್ಬೇಕು, ಬಾಗಿನ ಅಂತೂ ತೆಗೆದಿಟ್ಟಿದೀನಿ ಅಂದ್ರು.

ಕ್ಲಾಸಲ್ಲಿ ಈಗ ಜಿಪ್ ಇರೋ ಬ್ಯಾಗ್ ನಡೀತಿದೆ. ಜಿಪ್ಪು ಎರಡು ಸಲ ಬಿಚ್ಚಿದಾರೆ, ಬಲಗಡೆ ಇನ್ನೂ ಉಬ್ತಿದೆ. ಟೀಚರ್ ಇಷ್ಟು ಸಾಕು ಬಿಡಿ ಅಮ್ಮ ಅಂದ್ರಂತೆ, ಇವರು ಬಿಡ್ತಿಲ್ಲ.