ಬೀಗ ಹಾಕಲು ಹೋಗಿ ಕೀಲಿ ಕೊಟ್ಟವರು

ಆನ್‌ಲೈನ್ ವಂಚನೆಯ ಸಂಕಟ ಹೊತ್ತು ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಬಂದವರಲ್ಲಿ ಇವರು ನಾಲ್ಕನೆಯವರು. ಗುರುತು ಸಿಗದಂತೆ ವಿವರ ಬದಲಿಸಿ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ರಾಜಾಜಿನಗರದ ನಿವೃತ್ತ ಮೇಷ್ಟ್ರು, ಎಪ್ಪತ್ತರ ಆಸುಪಾಸು. ಹತ್ತು ದಿನದಿಂದ ನಿದ್ದೆಯಿಲ್ಲ, ಮಾತಿಲ್ಲ ಎಂದು ಹೆಂಡತಿ ಕರೆತಂದಿದ್ದರು. ಮರೆವಿನ ಕಾಯಿಲೆ ಶುರುವಾಯಿತೇನೋ ಎಂಬ ದಿಗಿಲು ಅವರಿಗೆ.

ಆಕೆ ಹೊರಗೆ ಹೋದ ಮೇಲೆ ಮೇಷ್ಟ್ರು ಪ್ಲಾಸ್ಟಿಕ್ ಕವರಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಇಮೇಲ್ ಒಂದರ ಪ್ರಿಂಟ್: ನಿಮ್ಮ ಕಂಪ್ಯೂಟರಿಗೆ ರಕ್ಷಣೆಯಿಲ್ಲ, ಈ ಆಂಟಿವೈರಸ್ ಉಚಿತ. ಮೂರು ಇಂಗ್ಲಿಷ್ ಪದಗಳ ಕೆಳಗೆ ಕೆಂಪು ಶಾಯಿಯ ಗೆರೆ. "ಸ್ಪೆಲ್ಲಿಂಗ್ ತಪ್ಪು. ದುಡ್ಡು ಹೋದ ಮೇಲೆ ಕಾಣಿಸ್ತು ಮೇಡಂ."

ಇನ್‌ಸ್ಟಾಲ್ ಮಾಡಿದೊಡನೆ '147 ವೈರಸ್' ಎಂಬ ಕೆಂಪು ಕಿಟಕಿ, ಅದರಲ್ಲೊಂದು ಫೋನ್ ನಂಬರ್. ಆ ಕಡೆಯವನು ಇನ್ನೊಂದು ಆ್ಯಪ್ ಹಾಕಿಸಿ ದೂರದಿಂದಲೇ ಲ್ಯಾಪ್‌ಟಾಪನ್ನು ತಾನೇ ನಡೆಸಿದ. ಎರಡು ಲಕ್ಷ ಹೋಯಿತು.

"ಲಾಟರಿ ಆಸೆಗೆ ಬಿದ್ದವನಲ್ಲ ನಾನು. ಹುಷಾರಾಗಿರೋಣ ಅಂತ ಮಾಡಿದ್ದು. ಬೀಗ ಹಾಕೋಕೆ ಹೋಗಿ ಕಳ್ಳನ ಕೈಗೇ ಕೀಲಿ ಕೊಟ್ಟೆನಲ್ಲ, ಮಗನಿಗೆ ಯಾವ ಮುಖ ತೋರಿಸಲಿ?"

ನಿದ್ದೆ ಕೆಡಿಸಿದ್ದು ದುಡ್ಡಲ್ಲ, ಈ ಮಾತು. ತಮ್ಮ ಜಾಗ್ರತೆಯ ಮೇಲೇ ಅವರಿಗೆ ನಂಬಿಕೆ ಹೋಗಿತ್ತು. "ಮೇಷ್ಟ್ರೇ, ನಿಮ್ಮ ಜಾಗ್ರತೆ ತಪ್ಪಲ್ಲ. ಅದನ್ನೇ ಗಾಳಕ್ಕೆ ಎರೆಹುಳು ಮಾಡಿದವನದು ತಪ್ಪು" ಎಂದೆ. ಆ 147 ಯಾವ ತಪಾಸಣೆಯಿಂದಲೂ ಬಂದದ್ದಲ್ಲ, ಹೆದರಿಸಲು ಬರೆದಿಟ್ಟ ಅಂಕಿ. ಅವರ ವಿಂಡೋಸ್ 11ರಲ್ಲಿ ಡಿಫೆಂಡರ್ ಎಂಬ ಆಂಟಿವೈರಸ್ ಮೊದಲಿನಿಂದಲೇ ಇತ್ತು, ಬಿಡಿಗಾಸಿಲ್ಲದೆ. ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಉಚಿತ ಸಾಧನ ಕೊಡುತ್ತಿದೆ. ಬೇಕಾದರೆ ಅದರ ವೆಬ್ ವಿಳಾಸ ನಾವೇ ಟೈಪ್ ಮಾಡಿ ಹೋಗಬೇಕು. ಕೇಳದೆ ಬಂದ ಇಮೇಲ್‌ನ ಲಿಂಕ್ ಮಾತ್ರ ಒತ್ತಲೇಬಾರದು.

ಲ್ಯಾಪ್‌ಟಾಪಿನಲ್ಲಿ ಆ ಆ್ಯಪ್ ಇನ್ನೂ ಇದೆಯೆಂದು ತಿಳಿದಾಗ ನನ್ನ ಎದೆ ಧಸಕ್ಕೆಂದಿತು. ನನ್ನ ಕೋಣೆಯಿಂದಲೇ ಮೊದಲು ಬ್ಯಾಂಕಿಗೆ, ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ಮನೆಗೆ ಹೋದೊಡನೆ ಇಂಟರ್ನೆಟ್ ಸಂಪರ್ಕ ಕಡಿದು, ಲ್ಯಾಪ್‌ಟಾಪನ್ನು ಗೊತ್ತಿದ್ದವರಿಂದ ಫಾರ್ಮ್ಯಾಟ್ ಮಾಡಿಸಲು, ಬೇರೆ ಸಾಧನದಿಂದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಲು ಹೇಳಿದೆ. ಅದು ಆಪ್ತಸಲಹೆಗಾರರ ಕೆಲಸವಲ್ಲ ಎಂದರು ನನ್ನ ಹಿರಿಯ ಸಹೋದ್ಯೋಗಿ. ನಾನು ಒಪ್ಪುವುದಿಲ್ಲ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ನಮ್ಮ ಅಜಾಗರೂಕತೆಯಿಂದಾದ ನಷ್ಟವಾದರೂ ಬ್ಯಾಂಕಿಗೆ ತಿಳಿಸಿದ ನಂತರ ಹೋದ ಹಣಕ್ಕೆ ಬ್ಯಾಂಕೇ ಹೊಣೆ. ನಾಚಿಕೆ ಇಳಿಯುವವರೆಗೆ ಕಾಯುತ್ತಾ ಕೂರಲೇ?

ಮಗನಿಗೆ ಅವರೇ ಹೇಳಿದರು. ಲ್ಯಾಪ್‌ಟಾಪ್ ಕಸಿದುಕೊಳ್ಳಬೇಡಿ ಎಂದು ಅವನನ್ನು ನಾನು ಕೇಳಿಕೊಂಡೆ. ಈಗ ಅನುಮಾನದ ಇಮೇಲ್ ಬಂದರೆ ಮೇಷ್ಟ್ರು ತೆರೆಯದೆ ಮಗನಿಗೆ ಫೋನ್ ಮಾಡುತ್ತಾರಂತೆ. ಕೆಲವೊಮ್ಮೆ ದಿನಕ್ಕೆ ಎರಡು ಸಲ.