ತಬಲಾಕ್ಕೆ ಎರಡು ಮೈಕ್ ಇಟ್ಟರೆ ಯಾವ ಮಿಕ್ಸರ್?

ಭಾವಗೀತೆ ತಂಡಕ್ಕೆ, ಮನೆಯಲ್ಲಿ ರೆಕಾರ್ಡಿಂಗಿಗೂ ಗಣಪತಿ ಪೆಂಡಾಲಿಗೂ ಒಂದೇ ಸಣ್ಣ ಮಿಕ್ಸರ್ ಬೇಕು, ಯಮಹಾ ಎಂಜಿ10ಎಕ್ಸ್‌ಯು ಸಾಕಾ ಅಂತ ಕೇಳಿದ್ದೀರಿ. ಮೊದಲು ಮೈಕ್ ಎಣಿಸಿ. ಹಾಡುವವರಿಗೆ ಒಂದು, ಹಾರ್ಮೋನಿಯಂಗೆ ಒಂದು, ಕೊಳಲಿಗೆ ಒಂದು, ತಬಲಾಕ್ಕೆ ಎರಡು. ಐದಾಯಿತು. ಹೆಸರಲ್ಲಿ 10 ಇದ್ದರೂ ಅದರಲ್ಲಿ ಮೈಕ್ ಇನ್‌ಪುಟ್ ಇರುವುದು ನಾಲ್ಕೇ! ಮೊಬೈಲಿನ ತಂಬೂರಿಗೆ ಲೈನ್ ಇನ್‌ಪುಟ್ (ಮೈಕ್ ಇಲ್ಲದೆ ನೇರ ವೈರ್ ಚುಚ್ಚುವ ಜಾಗ) ಇದೆ, ಅದು ಸಮಸ್ಯೆಯಲ್ಲ.

ಇನ್ನೊಂದು ವಿಷಯ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಅದರ ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಹೋಗುವುದು ಎಲ್ಲ ಬೆರೆತ ಎರಡೇ ಟ್ರ್ಯಾಕ್, ಎಡ ಒಂದು, ಬಲ ಒಂದು. ಎಡಗೈ ಡಗ್ಗಾ ಜಾಸ್ತಿಯಾಗಿ ಹಾಡು ಮುಚ್ಚಿಹೋದರೆ, ಆಮೇಲೆ ಬೇರೆ ಮಾಡಲು ಆಗಲ್ಲ. ಪೆಂಡಾಲಿಗಷ್ಟೇ ಆದರೆ ಪರವಾಗಿಲ್ಲ, ಗಟ್ಟಿಮುಟ್ಟಾದ ಮಾಲು.

ನಿಮ್ಮ ಎರಡೂ ಕೆಲಸಕ್ಕೆ ನನ್ನ ಓಟು ಝೂಮ್ ಲೈವ್‌ಟ್ರಾಕ್ ಎಲ್-8ಕ್ಕೆ. ಮೈಕ್ ಇನ್‌ಪುಟ್ ಆರಿವೆ. ಪ್ರತಿ ಚಾನೆಲ್, ಅಂದರೆ ಒಂದೊಂದು ಮೈಕಿನ ಸದ್ದು, ಎಸ್‌ಡಿ ಕಾರ್ಡಿನಲ್ಲಿ ಬೇರೆ ಬೇರೆಯಾಗಿ ರೆಕಾರ್ಡ್ ಆಗುತ್ತದೆ, ಕಂಪ್ಯೂಟರೇ ಬೇಡ. ಬೆಲೆ ಜಾಸ್ತಿ, ನಿಜ. ಎಫೆಕ್ಟ್‌ಗೆ ಮರುಳಾಗಿ ಬೇರೆ ಮಾದರಿ ತಗೋಬೇಡಿ. ರಿವರ್ಬ್ (ದೊಡ್ಡ ಹಾಲಿನಲ್ಲಿ ಹಾಡಿದಂತೆ ಕೇಳಿಸುವ ಗುಂಗು) ಆಮೇಲೂ ಹಾಕಬಹುದು ಅಲ್ವಾ?

ಗೇನ್ (ಮೈಕಿನಿಂದ ಒಳಬರುವ ಸದ್ದನ್ನು ಎಷ್ಟು ಏರಿಸಬೇಕು ಅನ್ನುವ ಗುಂಡಿ) ಇಡುವಾಗ ತಬಲಾದವರಿಗೆ ಸುಮ್ನೆ ಟಕ ಟಕ ಅನ್ನಿಸಬೇಡಿ. ತಿಹಾಯಿ (ಮೂರು ಸಲ ನುಡಿಸಿ ಮುಗಿಸುವ ತುಣುಕು) ಜೋರಾಗಿ ನುಡಿಸಲು ಹೇಳಿ. ಕೆಂಪು ದೀಪ ಮಿನುಗಿದರೆ ಗೇನ್ ತುಸು ಇಳಿಸಿ, ಫೇಡರ್ (ಹೊರಹೋಗುವ ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಅಲ್ಲ. ಹಾರ್ಮೋನಿಯಂಗೆ ಕಂಡೆನ್ಸರ್ ಮೈಕ್ (ಕರೆಂಟ್ ಬೇಕಾಗುವ ಸೂಕ್ಷ್ಮ ಮೈಕ್) ಇಟ್ಟರೆ 48 ವೋಲ್ಟ್ ಫ್ಯಾಂಟಮ್, ಅಂದರೆ ಮಿಕ್ಸರ್ ಕೇಬಲ್ಲಿನಲ್ಲೇ ಮೈಕಿಗೆ ಕೊಡುವ ಕರೆಂಟ್ ಬೇಕು. ಆನ್ ಮಾಡುವ ಮೊದಲು ಚಾನೆಲ್ ಮ್ಯೂಟ್ ಮಾಡಿ, ಇಲ್ಲದಿದ್ದರೆ ಸ್ಪೀಕರ್ ಧಡ್ ಅನ್ನುತ್ತದೆ.