ಒಪ್ಪಿಗೆ ಪತ್ರಕ್ಕೆ ಸಹಿ ಇದೆ, ತಿಳಿವಳಿಕೆ ಇಲ್ಲ: ಸಂಶೋಧನಾ ನರ್ಸ್ ಏನು ಮಾಡಬೇಕು?

ಪ್ರಶ್ನೆ: ನಾನು ಔಷಧ ಪ್ರಯೋಗವೊಂದರಲ್ಲಿ ಸಂಶೋಧನಾ ನರ್ಸ್. ಪ್ರಯೋಗದ ರಕ್ತಪರೀಕ್ಷೆಗಾಗಿ ತೋಳಿಗೆ ಪಟ್ಟಿ ಬಿಗಿಯುತ್ತಿದ್ದಾಗ ರೋಗಿಯೊಬ್ಬರು, “ಡಾಕ್ಟರು ನನಗೆಂದೇ ಈ ಔಷಧ ಆರಿಸಿದ್ದಾರೆ, ಬೇಡವೆಂದರೆ ಚಿಕಿತ್ಸೆಯೇ ನಿಂತುಹೋಗುತ್ತದಲ್ಲವೇ?” ಎಂದರು. ಒಪ್ಪಿಗೆ ಪತ್ರಕ್ಕೆ ಅವರ ಸಹಿಯಿದೆ, ಅದನ್ನು ಪಡೆದವರು ಸಂಶೋಧಕ ವೈದ್ಯರು. ನಾನು ಮಧ್ಯೆ ಬರಬಹುದೇ?

ಉತ್ತರ: ಬರಲೇಬೇಕು, ಅದೂ ಆ ರಕ್ತ ತೆಗೆಯುವ ಮೊದಲೇ. ಅವರ ಮಾತಿನಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಯಾರಿಗೆ ಯಾವ ಔಷಧವೆಂಬುದು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ನಿರ್ಧಾರವಾಗುವ ಪ್ರಯೋಗವಾದರೆ, ಅದನ್ನು ವೈದ್ಯರು ಅವರಿಗಾಗಿ ಆರಿಸಿಲ್ಲ. ಎರಡನೆಯದು ಇದಕ್ಕಿಂತ ಗಂಭೀರ: ಚಿಕಿತ್ಸೆ ತಪ್ಪೀತೆಂಬ ಭಯದಿಂದ ಕೊಟ್ಟ ಒಪ್ಪಿಗೆ ಸ್ವಇಚ್ಛೆಯದಲ್ಲ. ಪ್ರಯೋಗಕ್ಕೆ ಒಪ್ಪದಿದ್ದರೂ, ನಡುವೆ ಬಿಟ್ಟರೂ, ವೈದ್ಯರ ಮತ್ತು ರೋಗಿಯ ಸಂಬಂಧಕ್ಕೆ ಧಕ್ಕೆಯಾಗಬಾರದೆಂದು ವೈದ್ಯಕೀಯ ಸಂಶೋಧನೆಯ ಅಂತರರಾಷ್ಟ್ರೀಯ ನೈತಿಕ ಸೂತ್ರಗಳಾದ ಹೆಲ್ಸಿಂಕಿ ಘೋಷಣೆಯೇ ಹೇಳುತ್ತದೆ.

ಪಟ್ಟಿ ಸಡಿಲಿಸಿ, ಎದುರು ಕುಳಿತು ಕೇಳಿ. “ಅರ್ಥವಾಗಿದೆಯೇ?” ಎಂದರೆ ಬಹುತೇಕರು ಹೌದೆಂದುಬಿಡುತ್ತಾರೆ, “ಪ್ರಯೋಗ ಬಿಟ್ಟರೆ ಏನಾಗುತ್ತದೆಂದು ನಿಮಗೆ ಹೇಳಿದ್ದಾರೆ?” ಎಂದು ಕೇಳಿದರೆ ಅವರ ಮನಸ್ಸಿನಲ್ಲಿರುವುದು ಅವರದೇ ಮಾತಿನಲ್ಲಿ ಹೊರಬರುತ್ತದೆ. ಕಾರಣ ಹೇಳದೆಯೂ ಹೊರಬರಬಹುದು, ಮಾಮೂಲಿ ಚಿಕಿತ್ಸೆ ಮುಂದುವರಿಯುತ್ತದೆ ಎಂದು ತಿಳಿಸಿ. ಉಳಿಯಿರಿ ಎಂದೂ ಬಿಡಿ ಎಂದೂ ಒತ್ತಾಯಿಸಬೇಡಿ. ಕೆಲವು ಔಷಧಗಳನ್ನು ಒಮ್ಮೆಗೇ ನಿಲ್ಲಿಸುವುದು ಅಪಾಯವಾದ್ದರಿಂದ, ಬಿಡುವುದಾದರೆ ವೈದ್ಯರೊಂದಿಗೆ ಮಾತನಾಡಿಯೇ ನಿಲ್ಲಿಸಲಿ. ರೋಗಿ ಆಡಿದ ಮಾತನ್ನು ಅಂದೇ ದಾಖಲೆಯಲ್ಲಿ ಬರೆದು, ಸಂಶೋಧಕ ವೈದ್ಯರಿಗೆ ತಿಳಿಸಿ, ಅವರೇ ಮತ್ತೊಮ್ಮೆ ವಿವರಿಸುವಂತೆ ನೋಡಿಕೊಳ್ಳಿ.

ಇದು ನರ್ಸ್ ಕೆಲಸವಲ್ಲ ಎನ್ನುವವರಿಗೆ ಅಮೆರಿಕದ ಟಸ್ಕೀಗಿ ಎಂಬ ಊರಿನ ಅಧ್ಯಯನವನ್ನು ನೆನಪಿಸಬೇಕು. 1932ರಿಂದ 1972ರವರೆಗೆ ಅಲ್ಲಿ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ ಕಪ್ಪು ವರ್ಣೀಯ ಪುರುಷರಿಗೆ ರೋಗದ ನಿಜ ಹೇಳಲಿಲ್ಲ; ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅವರನ್ನು ಅಷ್ಟು ಕಾಲ ಅಧ್ಯಯನದಲ್ಲಿ ಹಿಡಿದಿಟ್ಟದ್ದರಲ್ಲಿ ಯೂನಿಸ್ ರಿವರ್ಸ್ ಎಂಬ ನರ್ಸ್ ಮೇಲೆ ಅವರಿಗಿದ್ದ ನಂಬಿಕೆಯ ಪಾಲು ದೊಡ್ಡದು. ರೋಗಿ ನಿಮ್ಮನ್ನು ನಂಬಿ ಮನಸ್ಸು ಬಿಚ್ಚಿದಾಗ ನೀವು ಸುಮ್ಮನಿದ್ದರೆ, ಆ ಮೌನವನ್ನೂ ಅವರು ಭರವಸೆಯೆಂದೇ ತಿಳಿಯುತ್ತಾರೆ.

ಸಂಶೋಧಕರು “ಸಹಿ ಆಗಿದೆಯಲ್ಲ” ಎಂದು ತಳ್ಳಿಹಾಕಿದರೆ ಪ್ರಯೋಗಕ್ಕೆ ಅನುಮತಿ ಕೊಟ್ಟು ನಿಗಾ ಇಡುವ ನೈತಿಕ ಸಮಿತಿಗೆ ನೀವು ನೇರವಾಗಿ ಬರೆಯಬಹುದು. ಆ ಪತ್ರದಲ್ಲಿ ನಿಮ್ಮ ಊಹೆಗಳು ಬೇಡ. ರೋಗಿ ಏನೆಂದರು, ಯಾವಾಗ ಎಂದರು, ನೀವು ಯಾರಿಗೆ ತಿಳಿಸಿದಿರಿ ಎಂಬುದಷ್ಟೇ ಸಾಕು.